ಕನ್ನಡಕ ಬೇಡದವರಿಗೆ ಒಪ್ಪುವ ಕನ್ನಡಕ

ಕನ್ನಡಕದ ಅಂಗಡಿಗಳ ಗೋಡೆಯ ಮೇಲೆ, ದಪ್ಪ ಫ್ರೇಮಿನ ಹಿಂದಿನಿಂದ ನಮ್ಮನ್ನು ತುಸು ತಾತ್ಸಾರದಿಂದಲೇ ನೋಡುವ ರೂಪದರ್ಶಿಗಳ ಪೈಕಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದ ಒಬ್ಬರಿಗೂ ದೃಷ್ಟಿದೋಷವಿದ್ದಂತೆ ಕಾಣಲಿಲ್ಲ. ಇದನ್ನು ಪತ್ತೆಹಚ್ಚಲು ಅವರ ಕಣ್ಣಿನ ಚೀಟಿಯೇನೂ ಬೇಕಾಗಿಲ್ಲ, ಕೆನ್ನೆಯನ್ನು ನೋಡಿದರೆ ಸಾಕು. ಮೈನಸ್ ಪವರಿನ ಗಾಜು ತನ್ನ ಹಿಂದಿರುವುದನ್ನೆಲ್ಲ ಕುಗ್ಗಿಸಿ ತೋರಿಸುವುದರಿಂದ, ನಿಜವಾಗಿ ಕನ್ನಡಕ ಬೇಕಾದವರ ಮುಖದ ಅಂಚು ಹಣೆಯಿಂದ ಸರಾಗವಾಗಿ ಇಳಿದು ಬಂದು, ಗಾಜಿನ ಒಳಗೆ ಒಮ್ಮೆಲೇ ಮೂಗಿನ ಕಡೆಗೆ ಸರಿದು, ಗಾಜು ಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಪ್ಲಸ್ ಪವರಿನವರಲ್ಲಿ ಇದೇ ಅಂಚು ಹೊರಕ್ಕೆ ಉಬ್ಬುತ್ತದೆ. ಗೋಡೆಯ ಮೇಲಿನ ಸುಂದರಾಂಗ ಸುಂದರಾಂಗಿಯರಲ್ಲಿ ಇಂಥ ಯಾವ ಜಿಗಿತವೂ ಕಾಣುವುದಿಲ್ಲ. ಅವರ ಕೆನ್ನೆ ಗಾಜಿನ ಒಳಗೂ ಹೊರಗೂ ಒಂದೇ ಗೆರೆಯಲ್ಲಿ ಸಾಗುತ್ತದೆ. ಕಣ್ಣುಗಳು ತಮ್ಮ ಪೂರ್ಣ ಗಾತ್ರದಲ್ಲಿ ಹೊಳೆಯುತ್ತವೆ. ಆ ಫ್ರೇಮು ಅವರಿಗೆ ಒಪ್ಪುತ್ತದೆ ನಿಜ, ಆದರೆ ಅವರಿಗೆ ಅದರ ಅಗತ್ಯವಿಲ್ಲ.

ಈ ಪರಂಪರೆ ಇಂದು ನಿನ್ನೆಯದಲ್ಲ. ಕನ್ನಡಕ ಧರಿಸಿದ ವ್ಯಕ್ತಿಯ ಚಿತ್ರಗಳಲ್ಲಿ ಅತ್ಯಂತ ಹಳೆಯದೆಂದು ತಿಳಿದಿರುವುದು ಇಟಲಿಯ ತ್ರೆವೀಸೊ ನಗರದಲ್ಲಿ, ತೊಮ್ಮಾಸೊ ದ ಮೋದೆನ ಎಂಬ ಕಲಾವಿದ 1352ರಲ್ಲಿ ಬರೆದ ಭಿತ್ತಿಚಿತ್ರ. ಅದರಲ್ಲಿ ಸೇಂಟ್ ಶೇರ್‌ನ ಹ್ಯೂ ಎಂಬ ಕಾರ್ಡಿನಲ್ ಮೂಗಿಗೆ ಎರಡು ಗಾಜುಗಳನ್ನು ಸಿಕ್ಕಿಸಿಕೊಂಡು ಬಹಳ ಗಂಭೀರವಾಗಿ ಬರೆಯುತ್ತಾ ಕುಳಿತಿದ್ದಾರೆ. ಕನ್ನಡಕ ಅವರ ಮುಖಕ್ಕೆ ಚೆನ್ನಾಗಿಯೇ ಒಪ್ಪಿದೆ. ಆದರೆ ಆ ಕಾರ್ಡಿನಲ್ ತೀರಿಕೊಂಡದ್ದು 1263ರಲ್ಲಿ. ಇಟಲಿಯಲ್ಲಿ ಕನ್ನಡಕ ಬಳಕೆಗೆ ಬಂದದ್ದು ಅದಾದ ಸುಮಾರು ಎರಡು ದಶಕಗಳ ಮೇಲೆ. ಜಗತ್ತಿನ ಮೊಟ್ಟಮೊದಲ ಕನ್ನಡಕದ ರೂಪದರ್ಶಿ ತಮ್ಮ ಜೀವಮಾನದಲ್ಲಿ ಆ ವಸ್ತುವನ್ನು ಕಂಡವರೇ ಅಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ದುಂಡು ಕನ್ನಡಕವನ್ನು ಲೋಕಪ್ರಿಯಗೊಳಿಸಿದ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಅವರ ಫ್ರೇಮಿನಲ್ಲಂತೂ ಗಾಜೇ ಇರಲಿಲ್ಲ. ಇಂಥವರನ್ನು ನೋಡಿ ಆಸೆಪಟ್ಟು ಅಂಗಡಿಯ ಮೆಟ್ಟಿಲು ಹತ್ತುವ ನಮ್ಮಂಥವರ ಪಾಡು ಏನಾಗಬೇಕೋ ಅದೇ ಆಗುತ್ತದೆ.

ನನ್ನ ಪವರ್ ಮೈನಸ್ ಆರು. ಇಷ್ಟು ವರ್ಷ ಕೈಗೆ ಸಿಕ್ಕ ಫ್ರೇಮನ್ನು ಹಾಕಿಕೊಂಡು, ಜಗತ್ತು ಕಂಡರೆ ಸಾಕು ಎಂಬ ವೈರಾಗ್ಯದಲ್ಲಿ ಬದುಕಿದ್ದ ನನಗೆ ಮುಖಕ್ಕೂ ವ್ಯಕ್ತಿತ್ವಕ್ಕೂ ಹೊಂದುವ ಡಿಸೈನರ್ ಫ್ರೇಮೊಂದನ್ನು ಕೊಳ್ಳಬೇಕೆಂಬ ಹಂಬಲ ಹುಟ್ಟಿಸಿದವಳು ನನ್ನ ತಂಗಿ. ಹಳೆಯ ಕನ್ನಡಕದ ಕಡ್ಡಿಯ ಸ್ಕ್ರೂ ಬಿದ್ದುಹೋಗಿ, ಅದರ ಜಾಗದಲ್ಲಿ ನಾನು ತುರುಕಿದ್ದ ಗುಂಡುಪಿನ್ನು ಅವಳ ಕಣ್ಣಿಗೆ ಬಿದ್ದದ್ದೇ ನೆಪವಾಯಿತು. "ಅಕ್ಕಾ, ಜನ ನಿನ್ನ ಮುಖದಲ್ಲಿ ಮೊದಲು ನೋಡೋದೇ ಕನ್ನಡಕ. ಅದರಲ್ಲಿ ಪಿನ್ನು ಕಂಡರೆ ಏನಂದುಕೊಳ್ಳಬೇಕು?" ಎಂದು ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂಗಿಯ ದೃಷ್ಟಿ ನೆಟ್ಟಗಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದೂರದ ಬಸ್ಸಿನ ಫಲಕದಿಂದ ಹಿಡಿದು ಔಷಧಿ ಬಾಟಲಿಯ ಸಣ್ಣಕ್ಷರದವರೆಗೆ ಎಲ್ಲವನ್ನೂ ಬರಿಗಣ್ಣಿನಲ್ಲಿ ಓದುವ ಅವಳ ಪಾಲಿಗೆ ಕನ್ನಡಕವೆಂಬುದು ಆಭರಣಗಳಲ್ಲೊಂದು. ಆದ್ದರಿಂದಲೇ ಆ ವಿಷಯದಲ್ಲಿ ಅವಳ ಅಭಿಪ್ರಾಯಗಳು ಬಹಳ ಖಚಿತ.

ಮೈನಸ್ ಆರು ಎಂದರೆ ಏನೆಂಬುದರ ಲೆಕ್ಕ ಸುಲಭ. ಒಂದು ಮೀಟರನ್ನು ಆರರಿಂದ ಭಾಗಿಸಿದರೆ ಸುಮಾರು 16–17 ಸೆಂಟಿಮೀಟರು ಬರುತ್ತದೆ. ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ನನ್ನ ಜಗತ್ತು ಅಲ್ಲಿಗೆ ಮುಗಿಯುತ್ತದೆ, ಆಚೆಗಿರುವುದೆಲ್ಲ ಮಂಜು. ಕನ್ನಡಿಯ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಕಠೋರವಾಗುತ್ತದೆ. ಮುಖ ಕನ್ನಡಿಗೆ ಎಷ್ಟು ದೂರವಿದೆಯೋ ಪ್ರತಿಬಿಂಬ ಅದರ ಹಿಂದೆ ಅಷ್ಟೇ ದೂರದಲ್ಲಿರುವುದರಿಂದ, ನನ್ನ ಮುಖ ನನಗೆ ಸ್ಫುಟವಾಗಿ ಕಾಣಬೇಕಾದರೆ ನಾನು ಕನ್ನಡಿಯಿಂದ ಎಂಟು ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಬರಬೇಕು. ಅಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟ ಫ್ರೇಮುಗಳಲ್ಲಿರುವುದು ಪವರಿಲ್ಲದ ತೋರಿಕೆಯ ಪ್ಲಾಸ್ಟಿಕ್ಕು. ಹೊಸದನ್ನು ಹಾಕಿಕೊಳ್ಳಬೇಕಾದರೆ ಹಳೆಯದನ್ನು ತೆಗೆಯಬೇಕು. ಹಳೆಯದನ್ನು ತೆಗೆದೊಡನೆ ಹೊಸದನ್ನು ಹಾಕಿಕೊಂಡ ಮುಖ ಕಾಣಿಸುವುದು ನಿಲ್ಲುತ್ತದೆ. ಎಂಟು ಸೆಂಟಿಮೀಟರಿನ ಅಂತರದಲ್ಲಿ ನನಗೆ ಕಂಡದ್ದು ಒಂದು ಕಣ್ಣು, ಅರ್ಧ ಮೂಗು ಮತ್ತು ಫ್ರೇಮಿನ ಒಂದು ಮೂಲೆ ಮಾತ್ರ. ಅವು ಮೂರೂ ಚೆನ್ನಾಗಿಯೇ ಇದ್ದವು. ಉಸಿರಿನಿಂದ ಕನ್ನಡಿ ಮಬ್ಬಾಗಿ ಅವೂ ಮಾಯವಾದವು, ಅಂಗಡಿಯ ಹುಡುಗ ಬಂದು ಒರೆಸಿಕೊಟ್ಟು, "ಸೂಪರ್ ಆಗಿದೆ ಮೇಡಂ" ಎಂದ. ಅವನು ಹಾಗೆ ಹೇಳಿದಾಗ ನಾನಿನ್ನೂ ಫ್ರೇಮನ್ನು ಸರಿಯಾಗಿ ಕಿವಿಗೆ ಸಿಕ್ಕಿಸಿಯೂ ಇರಲಿಲ್ಲ.

ಕಾಣದವರು ಕಾಣುವವರನ್ನು ನಂಬುವುದು ಲೋಕರೂಢಿಯಾದ್ದರಿಂದ ನಾನು ತಂಗಿಯ ಕಡೆಗೆ ತಿರುಗಿದೆ, ಅಥವಾ ತಂಗಿಯಿರಬಹುದೆಂದು ಊಹಿಸಿದ ಆಕೃತಿಯ ಕಡೆಗೆ ತಿರುಗಿದೆ. "ಹೇಗಿದೆ?" ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಉತ್ತರ ಬರಲಿಲ್ಲ, ಆಮೇಲೆ ಅಪರಿಚಿತ ಗಂಡಸೊಬ್ಬರ ದನಿ, "ನನಗೇನೋ ಪರವಾಗಿಲ್ಲ ಅನ್ನಿಸುತ್ತದೆ" ಎಂದಿತು. ತಂಗಿ ಅಷ್ಟರಲ್ಲಿ ಮತ್ತೊಂದು ಗೋಡೆಯ ಬಳಿ ತನಗಾಗಿ ಕೆಲವನ್ನು ಹಾಕಿ ನೋಡುವುದರಲ್ಲಿ ಮಗ್ನಳಾಗಿದ್ದಳು.

ಇಂಥ ಸಂದರ್ಭಕ್ಕೆ ಬಲ್ಲವರು ಹೇಳುವ ಉಪಾಯವೆಂದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಅಂಗಡಿಗೆ ಹೋಗುವುದು. ಮುಂದಿನ ಸಲ ನಾನು ಹಾಗೆಯೇ ಮಾಡಿದೆ, ಮತ್ತು ಬದುಕಿನಲ್ಲಿ ಮೊದಲ ಬಾರಿಗೆ ಫ್ರೇಮು ಧರಿಸಿದ ನನ್ನ ಮುಖವನ್ನು ಅಂಗಡಿಯ ಕನ್ನಡಿಯಲ್ಲಿ ಪೂರ್ತಿಯಾಗಿ ಕಂಡೆ. ಕಂಡು ಬೆರಗಾದೆ. ಅಗಲವಾದ ಫ್ರೇಮಿನೊಳಗೆ ವಿಶಾಲವಾದ ಕಣ್ಣುಗಳು, ಎಲ್ಲಿಯೂ ಮುರಿಯದ ಕೆನ್ನೆಯ ಗೆರೆ, ಗೋಡೆಯ ಮೇಲಿನವರನ್ನು ನಾಚಿಸುವ ಗತ್ತು, ಎಲ್ಲವೂ ಅಲ್ಲಿತ್ತು. ಈ ಉಪಾಯದ ತೊಡಕನ್ನು ಮಾತ್ರ ಬಲ್ಲವರು ಹೇಳಿರಲಿಲ್ಲ. ಕನ್ನಡಿಯಲ್ಲಿದ್ದ ಆ ಕಣ್ಣುಗಳು ಪವರಿಲ್ಲದ ಪ್ಲಾಸ್ಟಿಕ್ಕಿನ ಹಿಂದಿನ ಕಣ್ಣುಗಳು; ಅಲ್ಲಿ ಮೈನಸ್ ಆರರ ಗಾಜು ಬಂದು ಕೂತ ದಿನ ಅವು ಕುಗ್ಗಿ, ಅಗಲವಾದ ಫ್ರೇಮಿನ ನಟ್ಟನಡುವೆ ಎರಡು ಚುಕ್ಕೆಗಳಾಗಿ ಉಳಿಯುತ್ತವೆ. ಲೆನ್ಸ್ ಹಾಕಿಕೊಂಡು ಹೋದ ನಾನು ಕೆಲವು ಗಂಟೆಗಳ ಮಟ್ಟಿಗೆ ಕನ್ನಡಕ ಬೇಡದವರ ಪಂಗಡಕ್ಕೆ ಸೇರಿದ್ದೆ, ಹಾಗಾಗಿ ಅವರಿಗೆ ಒಪ್ಪುವುದೆಲ್ಲ ನನಗೂ ಒಪ್ಪಿತ್ತು.

ಮುಖದ ಆಕಾರಕ್ಕೆ ತಕ್ಕ ಫ್ರೇಮು ಎಂಬ ಶಾಸ್ತ್ರವೊಂದಿದೆ. ದುಂಡು ಮುಖದವರಿಗೆ ಕೋನಗಳಿರುವ ಚೌಕ ಫ್ರೇಮು, ಚೌಕ ಮುಖದವರಿಗೆ ದುಂಡು ಫ್ರೇಮು, ಅಗಲ ಹಣೆ ಮತ್ತು ಚೂಪು ಗಲ್ಲದವರಿಗೆ ಕೆಳಭಾಗ ಅಗಲವಾಗಿ ಕಾಣುವ ಫ್ರೇಮು, ಮೊಟ್ಟೆಯಾಕಾರದ ಭಾಗ್ಯವಂತರಿಗೆ ಏನು ಬೇಕಾದರೂ ಸರಿ. ಒಟ್ಟಿನಲ್ಲಿ ದೇವರು ಕೊಟ್ಟದ್ದಕ್ಕೆ ವಿರುದ್ಧವಾದುದನ್ನು ಹಾಕಿಕೊಳ್ಳಬೇಕು ಎಂಬುದು ಇದರ ತಿರುಳು. ಸರಿ, ನನ್ನ ಮುಖ ಯಾವ ಆಕಾರದ್ದು? ಇದನ್ನು ತಿಳಿಯಲು ಕೂದಲನ್ನು ಹಿಂದಕ್ಕೆ ಕಟ್ಟಿ, ಕನ್ನಡಿಯ ಮುಂದೆ ನಿಂತು, ಅದರಲ್ಲಿ ಕಾಣುವ ಮುಖದ ಅಂಚಿನ ಗುಂಟ ಸೋಪಿನ ತುಂಡಿನಿಂದ ಗೆರೆ ಎಳೆಯಬೇಕಂತೆ. ಹೀಗೆ ಎಳೆಯುವಾಗ ಒಂದು ಕಣ್ಣು ಮುಚ್ಚಿಕೊಂಡಿರಬೇಕು, ತಲೆ ಕೂದಲೆಳೆಯಷ್ಟೂ ಅಲುಗಬಾರದು. ನನಗೆ ಹಣೆಯಿಂದ ಗಲ್ಲಕ್ಕೆ ಬರುವಷ್ಟರಲ್ಲಿ ಸೀನು ಬಂತು. ಕನ್ನಡಿಯ ಮೇಲೆ ಮೂಡಿದ ಆಕೃತಿ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಎಡಭಾಗ ಚೌಕವಾಗಿಯೂ ಬಲಭಾಗ ದುಂಡಾಗಿಯೂ ಇದ್ದು, ಕೆಳಗೆ ಸೀನಿನ ಫಲವಾಗಿ ಒಂದು ಬಾಲವಿತ್ತು. ಸಾಲದ್ದಕ್ಕೆ ಅದು ನನ್ನ ಮುಖದ ಅರ್ಧ ಗಾತ್ರದ್ದಾಗಿತ್ತು. ನಾವು ಎಷ್ಟೇ ದೂರ ನಿಂತರೂ ಕನ್ನಡಿಯ ಮೇಲೆ ಹೀಗೆ ಎಳೆದ ಗೆರೆ ಮುಖದ ಅರ್ಧದಷ್ಟೇ ಬರುತ್ತದೆಂಬುದು ಬೆಳಕಿನ ನಿಯಮ. ಅದನ್ನು ತಿಳಿಯದ ನನ್ನ ಮನೆಯವರು ಸ್ನಾನಕ್ಕೆಂದು ಬಂದವರು ಗೆರೆಯನ್ನು ಬಹಳ ಹೊತ್ತು ನೋಡಿ, ಯಾವ ಮಗುವನ್ನು ಮನೆಗೆ ಕರೆಸಿದ್ದೆ ಎಂದು ವಿಚಾರಿಸಿದರು.

ಮುಖವನ್ನು ತಾನೇ ಅಳೆದು ಫ್ರೇಮು ತೊಡಿಸಿ ತೋರಿಸುವ ಮೊಬೈಲ್ ಆ್ಯಪುಗಳಿವೆಯಲ್ಲ ಎಂದು ತಂಗಿ ನೆನಪಿಸಿದಳು. ಅಂಥದೊಂದನ್ನು ತೆರೆದೆ. "ದಯವಿಟ್ಟು ನಿಮ್ಮ ಕನ್ನಡಕವನ್ನು ತೆಗೆಯಿರಿ" ಎಂದು ಅದು ಕೇಳಿತು. ತೆಗೆದೆ. ಆಮೇಲೆ ಅದು ಏನು ಬರೆಯಿತೋ ಓದಲಾಗಲಿಲ್ಲವಾದ್ದರಿಂದ ಮೊಬೈಲನ್ನು ಮೂಗಿನ ಹತ್ತಿರ ತಂದೆ. ಅಲ್ಲಿಂದ ಓದಿದರೆ, "ತುಂಬಾ ಹತ್ತಿರದಲ್ಲಿದ್ದೀರಿ, ಸ್ವಲ್ಪ ದೂರ ಸರಿಯಿರಿ" ಎಂದು ಬರೆದಿತ್ತು. ದೂರ ಸರಿದೆ, ಮತ್ತೇನನ್ನೋ ಬರೆಯಿತು, ಓದಲು ಹತ್ತಿರ ತಂದೆ, ಮತ್ತೆ ದೂರ ಸರಿಯಲು ಹೇಳಿತು. ಈ ಸಂವಾದ ಇಬ್ಬರಲ್ಲಿ ಒಬ್ಬರ ಬ್ಯಾಟರಿ ಮುಗಿಯುವವರೆಗೂ ನಡೆಯಬಹುದಿತ್ತು. ಕೊನೆಗೆ ಅದು ಕಷ್ಟಪಟ್ಟು ಮುಖವೊಂದನ್ನು ಗುರುತಿಸಿ, ನಾನು ಮೆಚ್ಚಿದ್ದ ಫ್ರೇಮನ್ನು ಬಹಳ ನಾಜೂಕಾಗಿ ನನ್ನ ಹಿಂದಿದ್ದ ಗೋಡೆ ಗಡಿಯಾರಕ್ಕೆ ತೊಡಿಸಿತು. ಗಡಿಯಾರ ದುಂಡಗಿತ್ತು, ಫ್ರೇಮು ಚೌಕವಾಗಿತ್ತು. ಶಾಸ್ತ್ರದ ಪ್ರಕಾರ ಸರಿಯಾಗಿಯೇ ಇತ್ತು.

ಇನ್ನು ಡಿಸೈನರ್ ಎಂಬ ಮಾತು. ಉಡುಪಿನ ಲೋಕದ ದೊಡ್ಡ ಹೆಸರುಗಳನ್ನು ಕಡ್ಡಿಯ ಮೇಲೆ ಕಂಡಾಗ, ಆ ಮಹನೀಯರೇ ಕುಳಿತು ಈ ವಕ್ರರೇಖೆಯನ್ನು ಬರೆದಿರಬೇಕೆಂದು ನನ್ನ ತಂಗಿ ಇಂದಿಗೂ ನಂಬಿದ್ದಾಳೆ. ವಾಸ್ತವ ಅಷ್ಟು ಕಾವ್ಯಮಯವಾಗಿಲ್ಲ. ಲಿಯೊನಾರ್ಡೊ ದೆಲ್ ವೆಕ್ಕಿಯೊ 1961ರಲ್ಲಿ ಇಟಲಿಯ ಅಗೋರ್ದೊ ಎಂಬ ಬೆಟ್ಟದೂರಿನಲ್ಲಿ ಕನ್ನಡಕದ ಬಿಡಿಭಾಗ ಮಾಡುವ ಕಾರ್ಖಾನೆಯಾಗಿ ಆರಂಭಿಸಿದ ಲುಕ್ಸೋಟಿಕಾ 1988ರಲ್ಲಿ ಅರ್ಮಾನಿ ಹೆಸರಿನ ಪರವಾನಗಿ ಪಡೆಯಿತು, ಮುಂದೆ ಪ್ರಾಡಾ, ವೆರ್ಸಾಚೆ, ಶನೆಲ್‌ಗಳೂ ಆ ಪಟ್ಟಿಗೆ ಸೇರಿದವು. ಅದೇ ಸಂಸ್ಥೆ 2018ರಲ್ಲಿ ಗಾಜು ತಯಾರಿಸುವ ಫ್ರಾನ್ಸಿನ ಎಸ್ಸಿಲೋರ್ ಜೊತೆ ವಿಲೀನವಾಯಿತು. ಪ್ರತಿಷ್ಠೆಗಾಗಿ ಪರಸ್ಪರ ಮುಖ ತಿರುಗಿಸಿಕೊಳ್ಳುವ ಹೆಸರುಗಳು ಕನ್ನಡಕದ ವಿಷಯಕ್ಕೆ ಬಂದಾಗ ಒಂದೇ ಸೂರಿನಡಿ ಅನ್ಯೋನ್ಯವಾಗಿ ಬಾಳುತ್ತವೆ. ಈ ವಿವರವನ್ನು ನಾನು ತಂಗಿಗೆ ತಿಳಿಸಿದಾಗ ಅವಳು ಒಂದು ಕ್ಷಣವೂ ಯೋಚಿಸದೆ, "ಇರಲಿ ಬಿಡಕ್ಕಾ, ಹೆಸರು ಕಡ್ಡಿಯ ಮೇಲೆ ಬೇರೆ ಬೇರೆ ಇದೆಯಲ್ಲ" ಎಂದಳು. ಆ ಹೆಸರಾದರೂ ಧರಿಸಿದವರಿಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ, ಅದೂ ನನ್ನಂತೆ ಕೂದಲನ್ನು ಕಿವಿಯ ಮೇಲೆ ಬಿಡುವ ಅಭ್ಯಾಸ ಇಲ್ಲದಿದ್ದರೆ.

ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುವ ಬರಹವೊಂದು ಅದೇ ಕಡ್ಡಿಯ ಒಳಮೈಯಲ್ಲಿ, ಯಾರೂ ಓದಲಾರದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ತಂಗಿ ಮೊಬೈಲಿನ ಟಾರ್ಚು ಹಿಡಿದು ತಡಕಾಡುತ್ತಿದ್ದಾಗ ನಾನು ಕನ್ನಡಕ ತೆಗೆದು, ಫ್ರೇಮನ್ನು ಮೂಗಿನ ಮುಂದೆ ಹಿಡಿದು, ಸಲೀಸಾಗಿ ಓದಿಬಿಟ್ಟೆ. ಮೈನಸ್ ಆರಿಗೆ ದೇವರು ಕೊಟ್ಟ ಏಕೈಕ ಸವಲತ್ತು ಇದು, ಜೀವನದಲ್ಲಿ ಒಮ್ಮೆಯಾದರೂ ತಂಗಿಗಿಂತ ಚೆನ್ನಾಗಿ ಕಂಡದ್ದರ ಸಂತೋಷವನ್ನು ನಾನು ಮುಚ್ಚಿಡಲಿಲ್ಲ. 56, ಪಕ್ಕದಲ್ಲೊಂದು ಪುಟ್ಟ ಚೌಕ, 17, ಆಮೇಲೆ 145 ಎಂದು ಅಲ್ಲಿತ್ತು. ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಸೇತುವೆಯ ಅಳತೆ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲ ಎರಡನ್ನು ಕೂಡಿಸಿದರೆ 73. ಇದು ಎರಡು ಗಾಜುಗಳ ನಡುಬಿಂದುಗಳ ನಡುವಿನ ದೂರ. ನನ್ನ ಎರಡು ಕಣ್ಣುಪಾಪೆಗಳ ನಡುವಿನ ದೂರ 61. ಅಂದರೆ ಆ ಅಗಲವಾದ ಫ್ರೇಮಿನಲ್ಲಿ ನನ್ನ ಕಣ್ಣುಗಳು ತಮ್ಮ ತಮ್ಮ ಗಾಜಿನ ನಡುವೆ ಇರದೆ, ತಲಾ ಆರು ಮಿಲಿಮೀಟರು ಮೂಗಿನ ಕಡೆಗೆ ಸರಿದು, ಏನೋ ಗುಟ್ಟು ಹೇಳಿಕೊಳ್ಳಲು ಹತ್ತಿರ ಬಂದ ಗೆಳತಿಯರಾಗಿರುತ್ತವೆ.

ಕಣ್ಣು ಎಲ್ಲಿದೆಯೋ ಗಾಜಿನ ಕೇಂದ್ರವೂ ಅಲ್ಲಿಯೇ ಇರಬೇಕು. ಮೈನಸ್ ಗಾಜು ಕೇಂದ್ರದಲ್ಲಿ ತೆಳುವಾಗಿದ್ದು ಅಂಚಿನ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಕೇಂದ್ರದಿಂದ ದೂರ ಎರಡು ಪಟ್ಟಾದರೆ ಹೆಚ್ಚುವ ದಪ್ಪ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕಣ್ಣುಗಳು ಮೂಗಿನ ಕಡೆಗೆ ಸರಿದ ಅಗಲ ಫ್ರೇಮಿನಲ್ಲಿ ಕಿವಿಯ ಕಡೆಯ ಅಂಚು ಫ್ರೇಮಿನ ಹಿಂದಿನಿಂದ ಇಣುಕುವಷ್ಟು ದಪ್ಪವಾಗುತ್ತದೆ. ಸಾಧಾರಣ ಪ್ಲಾಸ್ಟಿಕ್ ಗಾಜಿನ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ, 1.50 ಇದ್ದರೆ, 1.60, 1.67, 1.74 ಎಂದು ಮೇಲೇರಿದಂತೆಲ್ಲ ಗಾಜು ತೆಳುವಾಗುತ್ತದೆ, ಜೇಬೂ ಅದನ್ನೇ ಹಿಂಬಾಲಿಸುತ್ತದೆ. ಆದರೆ ತೆಳುವಾದ ಮಾತ್ರಕ್ಕೆ ಕಣ್ಣು ದೊಡ್ಡದಾಗಿ ಕಾಣುವುದಿಲ್ಲ. ಕುಗ್ಗಿಸುವ ಗುಣ ಇರುವುದು ಪವರಿನಲ್ಲಿ, ದಪ್ಪದಲ್ಲಲ್ಲ. ಗೋಡೆಯ ಮೇಲಿನ ಚಿತ್ರಗಳಲ್ಲಿ ಫ್ರೇಮುಗಳೆಲ್ಲ ಏಕೆ ಅಷ್ಟು ದೊಡ್ಡವು ಎಂಬುದು ನನಗೆ ಆಗ ಅರ್ಥವಾಯಿತು. ಅಂಚಿನ ಚಿಂತೆ ಇಲ್ಲದವರು ಎಷ್ಟು ಅಗಲವನ್ನಾದರೂ ಧರಿಸಬಹುದು. ನನ್ನ ಪವರಿನವರಿಗೆ ಹಿತವಾದದ್ದು ಚಿಕ್ಕದಾದ, ದುಂಡಗಿರುವ, ಕಣ್ಣು ನಟ್ಟನಡುವೆ ಕೂರುವ ಫ್ರೇಮು. ಶಾಸ್ತ್ರದ ಆಕಾರಪಟ್ಟಿ ಅದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ.

ಹೀಗೆ ಚಿಕ್ಕದನ್ನು ಆರಿಸಿ ನೆಮ್ಮದಿಯಾಗಿದ್ದ ನನ್ನನ್ನು ವಯಸ್ಸು ತಡೆಯಿತು. ನಲವತ್ತು ದಾಟಿದವರಿಗೆ ದೂರಕ್ಕೊಂದು, ಓದಿಗೊಂದು ಪವರ್ ಬೇಕಾಗುತ್ತದಾದ್ದರಿಂದ, ಪರೀಕ್ಷಿಸಿದವರು ಪ್ರೊಗ್ರೆಸಿವ್ ಗಾಜನ್ನು ಬರೆದುಕೊಟ್ಟಿದ್ದರು. ಫ್ರಾನ್ಸಿನ ಬರ್ನಾರ್ಡ್ ಮೈತನಾ ರೂಪಿಸಿ 1959ರಲ್ಲಿ ವಾರಿಲಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಗಾಜಿನಲ್ಲಿ ಪವರು ಮೇಲಿನಿಂದ ಕೆಳಕ್ಕೆ ಗೆರೆ ಕಾಣದಂತೆ ಮೆಲ್ಲಮೆಲ್ಲನೆ ಬದಲಾಗುತ್ತದೆ. ಹಾಗೆ ಮೆಲ್ಲಗೆ ಬದಲಾಗಲು ಅದಕ್ಕೆ ಎತ್ತರ ಬೇಕು. ಮೈನಸ್ ಆರು ಚಿಕ್ಕ ಫ್ರೇಮು ಕೇಳುತ್ತದೆ, ನಲವತ್ತರ ಮೇಲಿನ ವಯಸ್ಸು ಎತ್ತರದ ಫ್ರೇಮು ಕೇಳುತ್ತದೆ, ತಂಗಿ ಫ್ಯಾಷನ್ನಿನ ಫ್ರೇಮು ಕೇಳುತ್ತಾಳೆ. ಈ ಮೂವರ ಸಭೆಯಲ್ಲಿ ಕನ್ನಡಕ ಧರಿಸಬೇಕಾದ ನನಗೆ ಮತದಾನದ ಹಕ್ಕಿರಲಿಲ್ಲ.

ತಂಗಿ ಮೊದಲು ಮುಂದಿಟ್ಟದ್ದು ಹೊರ ಮೂಲೆಗಳು ಮೇಲಕ್ಕೆ ಚಾಚಿದ ಬೆಕ್ಕಿನ ಕಣ್ಣಿನ ಫ್ರೇಮು. ಅಮೆರಿಕದ ಕಲಾವಿದೆ ಆಲ್ಟೀನಾ ಶಿನಾಸಿ 1930ರ ದಶಕದಲ್ಲಿ ಕಾರ್ನಿವಲ್ ಮುಖವಾಡಗಳಿಂದ ಸ್ಫೂರ್ತಿ ಪಡೆದು ರೂಪಿಸಿದ ಹಾರ್ಲಿಕ್ವಿನ್ ಎಂಬ ಫ್ರೇಮು ಇದರ ಮೂಲ. ಹೆಂಗಸರ ಕನ್ನಡಕವೂ ಚೆಂದವಾಗಿರಬಹುದೆಂದು ಲೋಕಕ್ಕೆ ತೋರಿಸಿಕೊಟ್ಟದ್ದಕ್ಕಾಗಿ ಆಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಹುಬ್ಬುಗಳು ಸ್ವಭಾವತಃ ಹೊರಕ್ಕೆ ಇಳಿಯುವಂಥವು. ಇಳಿಯುವ ಹುಬ್ಬಿನ ಕೆಳಗೆ ಏರುವ ಫ್ರೇಮು ಬಂದು ಕೂತಾಗ ನನ್ನ ಮುಖದ ಮೇಲ್ಭಾಗ ದುಃಖವನ್ನೂ ಕೆಳಭಾಗ ಕೋಪವನ್ನೂ ಏಕಕಾಲದಲ್ಲಿ ವ್ಯಕ್ತಪಡಿಸಿತೆಂದು ತಂಗಿಯೇ ಒಪ್ಪಿಕೊಂಡಳು. ಆಮೇಲೆ ಬಂದದ್ದು ಆಮೆಚಿಪ್ಪಿನ ಬಣ್ಣದ ದಪ್ಪ ಅಸಿಟೇಟ್ ಫ್ರೇಮು. ಹಿಂದೆ ನಿಜವಾದ ಕಡಲಾಮೆಯ ಚಿಪ್ಪಿನಿಂದಲೇ ಮಾಡುತ್ತಿದ್ದರು. ಆ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1970ರ ದಶಕದಲ್ಲಿ ನಿಷೇಧ ಬಿದ್ದ ಮೇಲೆ ಆಮೆ ಬಚಾವಾಯಿತು, ಬಣ್ಣ ಮಾತ್ರ ಉಳಿಯಿತು. ಹತ್ತಿ ಮತ್ತು ಮರದ ನಾರಿನಿಂದ ತಯಾರಾಗುವ ಅಸಿಟೇಟು ಬಿಸಿಗೆ ಬಾಗುತ್ತದೆ, ದಪ್ಪ ಗಾಜಿನ ಅಂಚನ್ನು ಚೆನ್ನಾಗಿ ಮರೆಮಾಡುತ್ತದೆ. ಬಣ್ಣವೂ ನನಗೆ ಹಿಡಿಸಿತು. ಹಿಡಿಸದೆ ಹೋದದ್ದು ನನ್ನ ಮೂಗಿಗೆ.

ಮೂಗಿನ ಮಾತನ್ನು ಯಾವ ಜಾಹೀರಾತೂ ಎತ್ತುವುದಿಲ್ಲ, ಆದರೆ ಕನ್ನಡಕದ ಸಂಸಾರವೆಲ್ಲ ನಿಂತಿರುವುದು ಅದರ ಮೇಲೆ. ನನ್ನ ಮೂಗಿನ ಸೇತುವೆ ತಗ್ಗು. ಸರಿಹೊಂದಿಸಲು ಬರುವ ಲೋಹದ ತೋಳಿನ ಪ್ಯಾಡುಗಳಿಲ್ಲದೆ, ಅಚ್ಚಿನಲ್ಲೇ ಮೂಗಿನ ಭಾಗ ಮೂಡಿಸಿದ ಅಸಿಟೇಟ್ ಫ್ರೇಮುಗಳು ಅದರ ಮೇಲೆ ನಿಲ್ಲದೆ ಜಾರಿ ಬಂದು ಕೆನ್ನೆಯ ಮೇಲೆ ವಿಶ್ರಮಿಸುತ್ತವೆ. ಹಾಗೆ ವಿಶ್ರಮಿಸಿದ ಕನ್ನಡಕ ನಾನು ನಕ್ಕಾಗಲೆಲ್ಲ ಕೆನ್ನೆಯೊಡನೆ ಮೇಲೇರಿ ಹುಬ್ಬನ್ನು ಮುಟ್ಟಿ, ನಗು ನಿಂತೊಡನೆ ಇಳಿಯುತ್ತದೆ. ಎದುರಿಗಿದ್ದವರು ಅವರ ಹಾಸ್ಯಕ್ಕೆ ನಾನು ಎಷ್ಟು ನಕ್ಕೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆಯಬಹುದು. ಕನ್ನಡಕ ಹುಟ್ಟಿ ನಾನೂರು ವರ್ಷಗಳಿಗೂ ಹೆಚ್ಚು ಕಾಲ ಅದಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಯೇ ಇರಲಿಲ್ಲ, ಮೂಗನ್ನು ಚಿವುಟಿ ಹಿಡಿದುಕೊಂಡೋ ಕೈಯ ಆಸರೆಯಿಂದಲೋ ನಿಲ್ಲುತ್ತಿತ್ತು. 18ನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಮುಂತಾದವರು ಗಟ್ಟಿ ಕಡ್ಡಿಗಳನ್ನು ಜೋಡಿಸಿದ ಮೇಲೆ ಮನುಷ್ಯನ ಕೈಗಳಿಗೆ ಬಿಡುವು ಸಿಕ್ಕಿತು ಎಂದು ಇತಿಹಾಸ ಹೇಳುತ್ತದೆ. ನನ್ನ ಬಲಗೈಯ ತೋರುಬೆರಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕನ್ನಡಕವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ಅದು ಇಂದಿಗೂ ತೊಡಗಿದೆ. ಫ್ರೇಮು ಹಾಕಿ ನೋಡುವವರು ಕನ್ನಡಿಯ ಮುಂದೆ ಗಾಂಭೀರ್ಯದಿಂದ ನಿಲ್ಲುವ ಬದಲು ಒಮ್ಮೆ ಗಟ್ಟಿಯಾಗಿ ನಕ್ಕು, ಒಮ್ಮೆ ಬಗ್ಗಿ ಚಪ್ಪಲಿಯನ್ನು ನೋಡಿ ಏಳುವುದು ಒಳ್ಳೆಯದೆಂಬುದು ನನ್ನ ಅನುಭವ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಕೊನೆಗೆ ಗೆದ್ದದ್ದು ಒಂದು ಟೈಟಾನಿಯಂ ಫ್ರೇಮು. ಮೃದುವಾದ ಚೌಕ, 48, 19, 140, ಪ್ರೊಗ್ರೆಸಿವ್‌ಗೆ ಸಾಕಾಗುವಷ್ಟು ಎತ್ತರ, ಸರಿಹೊಂದಿಸಬಹುದಾದ ಪ್ಯಾಡು. ಈ ಲೋಹವನ್ನು ಕನ್ನಡಕಕ್ಕೆ ಒಗ್ಗಿಸುವುದರಲ್ಲಿ ಜಪಾನಿನ ಸಾಬಾಎ ಪಟ್ಟಣದ ಕುಶಲಕರ್ಮಿಗಳು ಹೆಸರುವಾಸಿ. ಆ ಸೀಮೆಯಲ್ಲಿ 1905ರಿಂದ ಫ್ರೇಮು ತಯಾರಾಗುತ್ತಿದೆ. ಕಡ್ಡಿಯ ಮೇಲೆ ದೊಡ್ಡ ಹೆಸರೊಂದು ಇದ್ದುದರಿಂದ ತಂಗಿಯ ಅನುಮೋದನೆಯೂ ದೊರೆಯಿತು. ಉಳಿದದ್ದು ಪಾಪೆಯ ಗುರುತು ಹಾಕುವ ಶಾಸ್ತ್ರ. ಆಪ್ಟೀಶಿಯನ್ ನನ್ನೆದುರು ನಿಂತು, ತೋರಿಕೆಯ ಗಾಜಿನ ಮೇಲೆ ನನ್ನ ಕಣ್ಣುಪಾಪೆ ಬರುವಲ್ಲಿ ಪೆನ್ನಿನಿಂದ ಚುಕ್ಕೆಯಿಡುತ್ತಾ, "ನೀವು ದಿನವೂ ಹೇಗೆ ನಿಲ್ಲುತ್ತೀರೋ ಹಾಗೇ ಸಹಜವಾಗಿ ನಿಲ್ಲಿ ಮೇಡಂ" ಎಂದರು. ಹಾಗೆಂದ ಮೇಲೆ ಸಹಜವಾಗಿ ನಿಲ್ಲಬಲ್ಲ ಮನುಷ್ಯರನ್ನು ನಾನು ಕಂಡಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು, ಗಲ್ಲ ಮೇಲೆದ್ದಿತು, ಪಾಸ್‌ಪೋರ್ಟ್ ಫೋಟೊದ ಗಾಂಭೀರ್ಯ ಮುಖಕ್ಕೆ ಬಂತು. ಆ ಭಂಗಿಯಲ್ಲಿ ಅಳತೆಯಾದ ಗಾಜು ಬಂದ ಮೇಲೆ ಗೊತ್ತಾದದ್ದೆಂದರೆ, ನಾನು ಗಲ್ಲವೆತ್ತಿ ಎದೆ ಸೆಟೆಸಿ ಓದಿದರೆ ಅಕ್ಷರವೆಲ್ಲ ಸ್ಫಟಿಕದಷ್ಟು ಸ್ಪಷ್ಟ, ನನ್ನ ಎಂದಿನ ಭಂಗಿಗೆ ಇಳಿದರೆ ಓದುವುದೆಲ್ಲ ತುಸು ಮಂಕು. ಪ್ಯಾಡುಗಳನ್ನು ಸ್ವಲ್ಪ ಬಾಗಿಸಿ ಫ್ರೇಮನ್ನು ಸರಿಪಡಿಸಿಕೊಡುವವರೆಗೆ ನಾನು ಮೊಬೈಲನ್ನೂ ಬಹಳ ಜಂಬದಿಂದ ತಲೆಯೆತ್ತಿ ಓದುತ್ತಿದ್ದೇನೆಂಬ ಸುದ್ದಿ ಹರಡಿತ್ತು. ಹೊಸ ಫ್ರೇಮಿನ ಪ್ರಭಾವ ಎಂದು ಜನ ಆಡಿಕೊಂಡರು.

ಮನೆಯಲ್ಲಿ ಮಾತ್ರ ಯಾವ ಪ್ರಭಾವವೂ ಕಾಣಲಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಬೆಳಿಗ್ಗೆ ಬಾಗಿಲು ದಾಟುತ್ತಿದ್ದಾಗ ನನ್ನ ಮನೆಯವರು, "ಏ, ಕನ್ನಡಕ ಮರೆತು ಹೊರಟೆಯಲ್ಲ!" ಎಂದು ಕೂಗುತ್ತಾ, ಮೇಜಿನ ಮೇಲಿದ್ದ ಗುಂಡುಪಿನ್ನಿನ ಹಳೆಯ ಕನ್ನಡಕವನ್ನು ಹಿಡಿದು ಓಡಿಬಂದರು. ಬಂದು, ನನ್ನ ಮುಖವನ್ನು ನೇರವಾಗಿ ನೋಡುತ್ತಾ, ಅದನ್ನು ನನ್ನ ಕೈಯಲ್ಲಿಟ್ಟು ಹೋದರು.

ತಂಗಿಗೆ ನನ್ನ ಫ್ರೇಮು ಎಷ್ಟು ಹಿಡಿಸಿತೆಂದರೆ, ಅದೇ ಮಾದರಿಯ ಅದೇ ಬಣ್ಣದ ಇನ್ನೊಂದನ್ನು ಅವಳೂ ಕೊಂಡಳು. ಪವರಿಲ್ಲದ ಗಾಜು ಹಾಕಿಸಿ, ಕಂಪ್ಯೂಟರಿನ ಮುಂದೆ ಕೂರುವವಳಿಗೆ ಇರಲಿ ಎಂದು ಕಾರಣವನ್ನೂ ಒದಗಿಸಿದಳು. ಬಂಧುಗಳ ಸಮಾರಂಭವೊಂದಕ್ಕೆ ನಾವಿಬ್ಬರೂ ಜೊತೆಯಾಗಿ ಹೋದೆವು. ಚಿಕ್ಕಮ್ಮ ಎದುರಾದವರೇ ತಂಗಿಯ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿ, ಆ ಕನ್ನಡಕದಲ್ಲಿ ಅವಳ ಕಣ್ಣು ಎಷ್ಟು ಚೆಂದ ಕಾಣುತ್ತದೆಂದು ಮನಸಾರೆ ಹೊಗಳಿದರು. ಆಮೇಲೆ ನನ್ನ ಕಡೆಗೆ ತಿರುಗಿ, ದನಿಯನ್ನು ಸ್ವಲ್ಪ ತಗ್ಗಿಸಿ, "ನೀನೂ ಇಂಥದ್ದೊಂದು ಕೊಂಡುಕೊಳ್ಳಬಾರದೇನೇ? ನಿನ್ನದು ಯಾಕೋ ಮುಖಕ್ಕೆ ಹೊಂದಲ್ಲ" ಎಂದರು. ನಾನು ತಂಗಿಯ ಕನ್ನಡಕವನ್ನೂ ನನ್ನದನ್ನೂ ತೆಗೆದು, ಎರಡರ ಕಡ್ಡಿಯ ಒಳಮೈಯಲ್ಲಿದ್ದ ಅಂಕಿಗಳನ್ನು ಅವರ ಮುಂದೆ ಹಿಡಿದೆ. ಅವನ್ನು ಓದುವುದಕ್ಕಾಗಿ ಚಿಕ್ಕಮ್ಮ ತಮ್ಮ ಚಾಳೀಸನ್ನು ಕೈಚೀಲದಲ್ಲಿ ಹುಡುಕತೊಡಗಿದರು.